ಯಾರ ಮುಂದೆ ಹೇಳಬೇಕು ಅವಳು?

ಕೇಳುಗರೆಲ್ಲರಿಗೂ ನಮಸ್ಕಾರ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಕೇಳುತ್ತಿರುವವರಿಗೂ, ಕೊಪ್ಪಳದ ಭಾಗ್ಯನಗರದಲ್ಲಿ ರೇಡಿಯೊ ಹಚ್ಚಿಟ್ಟು ಕೂದಲು ಬಿಡಿಸುತ್ತಾ ಕೂತಿರುವ ಅಕ್ಕಂದಿರಿಗೂ ನಮಸ್ಕಾರ. ಅವರನ್ನು ಮಾತ್ರ ಯಾಕೆ ಬೇರೆಯಾಗಿ ಕರೆದೆ ಅನ್ನೋದನ್ನ ಆಮೇಲೆ ಹೇಳುತ್ತೇನೆ.

ಇವತ್ತು ನಾನು ಪಾಠ ಮಾಡುವ ಒಂದು ಕಾದಂಬರಿಯ ಹುಡುಗಿಯ ಬಗ್ಗೆ ಮಾತಾಡಬೇಕು. ಕಾದಂಬರಿಯ ಹೆಸರು 'ಜಾಸ್ಮಿನ್'. ಬರೆದವರು ಭಾರತಿ ಮುಖರ್ಜಿ. ಕಲ್ಕತ್ತಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು, 2017ರಲ್ಲಿ ತೀರಿಕೊಂಡರು. 1989ರಲ್ಲಿ ಇಂಗ್ಲಿಷಿನಲ್ಲಿ ಬಂದ ಪುಸ್ತಕ ಇದು.

ಹುಡುಗಿಯ ಹೆಸರು ಜ್ಯೋತಿ. ಪಂಜಾಬಿನ ಹಸ್ನಾಪುರ ಅನ್ನುವ ಹಳ್ಳಿಯವಳು. ಗಂಡ ಪ್ರಕಾಶ್. ಅವಳಿಗೆ ಜಾಸ್ಮಿನ್ ಅಂತ ಹೆಸರಿಟ್ಟವನು ಅವನೇ. ಅಮೆರಿಕದ ಫ್ಲಾರಿಡಾದಲ್ಲಿ ಇಂಜಿನಿಯರಿಂಗ್ ಓದಲು ಅವನಿಗೆ ಸೀಟು ಸಿಕ್ಕಿರುತ್ತೆ. ಹೊರಡುವ ಮೊದಲೇ ಉಗ್ರರ ಬಾಂಬಿಗೆ ಸಿಕ್ಕು ಸಾಯುತ್ತಾನೆ. ಅವಳಿಗೆ ಆಗ 17 ವರ್ಷ. ಗಂಡನ ಸೂಟನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಡುತ್ತಾಳೆ. ಅವನು ಓದಬೇಕಿದ್ದ ಕಾಲೇಜಿನ ಅಂಗಳದಲ್ಲಿ ಅದಕ್ಕೆ ಬೆಂಕಿಯಿಟ್ಟು ತಾನೂ ಸುಟ್ಟುಕೊಳ್ಳಬೇಕು ಅಂತ. ಅಣ್ಣಂದಿರು ನಕಲಿ ಕಾಗದ ಮಾಡಿಸಿ ಕೊಡುತ್ತಾರೆ. ಎಷ್ಟೋ ದೇಶ ಸುತ್ತಿ, ಕೊನೆಗೆ ಸಿಗಡಿ ಹಿಡಿಯುವ ಹಡಗಿನಲ್ಲಿ ಕದ್ದು ಫ್ಲಾರಿಡಾದ ದಡ ಸೇರುತ್ತಾಳೆ.

ಇಲ್ಲಿಗೆ ಬಂದಾಗ ಕೆಲವರು ನನ್ನನ್ನು ತಡೆದು ಕೇಳುತ್ತಾರೆ. 'ಮೇಡಂ, ಹಾಗೆ ಕದ್ದು ಹೋಗು ಅಂತ ಯಾರು ಹೇಳಿದ್ರು? ನಮ್ಮ ಮಗಳೂ ಅಮೆರಿಕದಲ್ಲಿ ಇದ್ದಾಳೆ, ಆರಾಮಾಗಿದ್ದಾಳೆ.' ದಯವಿಟ್ಟು ಕೇಳಿ. ನಿಮ್ಮ ಮಗಳ ಹತ್ತಿರ ಕಾಗದ ಇದೆ, ಅಂದ್ರೆ ಅಲ್ಲಿ ಇರಲು ಸರ್ಕಾರದ ಅನುಮತಿ ಇದೆ. ಯಾರಾದರೂ ಮೋಸ ಮಾಡಿದರೆ ಅವಳು ಹೋಗಿ ಹೇಳಬಹುದು. ಜ್ಯೋತಿ ಹೇಳುವ ಹಾಗಿಲ್ಲ. ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ ಮಾತು. ಹಸಿವು, ಚಳಿ, ಭಾಷೆ ಬಾರದಿರುವುದು, ಇವೆಲ್ಲ ಕಷ್ಟವೇ. ಆದರೆ ಕಾಗದ ಇಲ್ಲದ ಹೆಂಗಸಿಗೆ ಎಲ್ಲಕ್ಕಿಂತ ದೊಡ್ಡ ಕಷ್ಟ ಅಂದ್ರೆ, ದೂರು ಹೇಳಿಕೊಳ್ಳಲು ಜಾಗ ಇಲ್ಲದಿರುವುದು.

ಅದು ದಡ ಸೇರಿದ ರಾತ್ರಿಯೇ ಗೊತ್ತಾಗುತ್ತೆ. ಹಡಗಿನ ಯಜಮಾನ ಅವಳನ್ನು ಒಂದು ಮೋಟೆಲ್‌ಗೆ ಕರೆದುಕೊಂಡು ಹೋಗಿ ಅತ್ಯಾಚಾರ ಮಾಡುತ್ತಾನೆ. ಮಕ್ಕಳೂ ಕೇಳುತ್ತಿರಬಹುದು, ಜಾಸ್ತಿ ವಿವರ ಬೇಡ. ಅವಳು ಸ್ನಾನ ಮಾಡುತ್ತಾಳೆ. ಹಡಗಿನಲ್ಲಿ ಜೊತೆಗಿದ್ದವನೊಬ್ಬ ಕೊಟ್ಟಿದ್ದ ಚಿಕ್ಕ ಚಾಕುವಿನಿಂದ ತನ್ನ ನಾಲಿಗೆಯನ್ನೇ ಸೀಳಿಕೊಳ್ಳುತ್ತಾಳೆ. ಬಾಯಿ ತುಂಬಾ ರಕ್ತ, ಸಾಕ್ಷಾತ್ ಕಾಳಿ. ಹಾಗೇ ಹೋಗಿ ಅವನನ್ನು ಕೊಲ್ಲುತ್ತಾಳೆ. ಅವಳು ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ ಅಂತ ಕ್ಲಾಸಿನಲ್ಲಿ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಆಗ ನಾನು ಮತ್ತೆ ಅದನ್ನೇ ಹೇಳುತ್ತೇನೆ. ಹೋಗುವ ಹಾಗಿಲ್ಲ, ಕಾಗದ ಇಲ್ಲ.

ಮುಂದೆ ಲಿಲಿಯನ್ ಅನ್ನುವ ಹಿರಿಯ ಹೆಂಗಸು ಮನೆಯಲ್ಲಿಟ್ಟುಕೊಂಡು ಕಾಪಾಡುತ್ತಾರೆ. ಟೀ ಶರ್ಟು, ಪ್ಯಾಂಟು, ಓಡುವ ಬೂಟು ಕೊಟ್ಟು ಅಮೆರಿಕದವರ ಹಾಗೆ ನಡೆಯುವುದನ್ನು ಕಲಿಸುತ್ತಾರೆ. ನಡಿಗೆ ನೋಡಿಯೇ ಹಿಡಿದುಬಿಡಬಹುದಲ್ವಾ, ಅದಕ್ಕೆ. ಹೆಜ್ಜೆ ಇಡುವುದಕ್ಕೂ ಹೆದರಿಕೆ!

ಅಲ್ಲಿಂದ ನ್ಯೂಯಾರ್ಕಿನ ಫ್ಲಶಿಂಗ್‌ಗೆ ಹೋಗುತ್ತಾಳೆ. ಗಂಡನಿಗೆ ಪಾಠ ಹೇಳಿದ್ದ ಮೇಷ್ಟ್ರ ಮನೆ. ಸುತ್ತಮುತ್ತ ಎಲ್ಲ ನಮ್ಮವರೇ. ಆದರೂ ಐದು ತಿಂಗಳು ಅವಳು ಜೈಲಿನಲ್ಲಿದ್ದ ಹಾಗೆ ಇರುತ್ತಾಳೆ. ಗ್ರೀನ್ ಕಾರ್ಡ್, ಅಂದ್ರೆ ಅಮೆರಿಕದಲ್ಲಿ ಕಾಯಂ ಇರಲು ಬಿಡುವ ಕಾಗದ, ಅದಿಲ್ಲದೆ ಬೀದಿಗೆ ಇಳಿಯಲು ಭಯ. ಅಲ್ಲಿ ಪ್ರೊಫೆಸರು ಅನ್ನಿಸಿಕೊಳ್ಳುವ ಮೇಷ್ಟ್ರು ನಿಜವಾಗಿ ಮಾಡುವ ಕೆಲಸ ಏನು ಗೊತ್ತಾ? ಒಂದು ನೆಲಮಾಳಿಗೆಯಲ್ಲಿ ಕೂತು, ಇಂಡಿಯಾದಿಂದ ಬಂದ ಹೆಂಗಸರ ಕೂದಲನ್ನು ವಿಂಗಡಿಸಿ ಮಾರುವುದು.

ಈ ಪುಟ ಓದುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅಲ್ಲಿವರೆಗೆ ಕ್ಲಾಸಿನಲ್ಲಿ ಒಂದು ಮಾತೂ ಆಡಿದವಳಲ್ಲ. 'ಮೇಡಂ, ಇದು ನಮ್ಮವ್ವ ಮಾಡೋ ಕೆಲಸರೀ' ಅಂದಳು. ಎಲ್ಲರೂ ತಿರುಗಿ ನೋಡಿದರು. ಭಾನುವಾರ ಅವಳ ಜೊತೆ ಭಾಗ್ಯನಗರದ ಅವರ ಮನೆಗೆ ಹೋದೆ.

ಪಡಸಾಲೆಯಲ್ಲಿ ಮೂರು ಜನ ಹೆಂಗಸರು ಕೂತಿದ್ದರು. ಮಧ್ಯದಲ್ಲಿ ಒಂದು ಚೀಲ. ಊರೂರಿನಲ್ಲಿ ಪಾತ್ರೆ, ಪಿನ್ನು ಕೊಟ್ಟು ತಂದ ಬಾಚಣಿಕೆಯ ಕೂದಲು, ಉಂಡೆ ಉಂಡೆ. ಸೂಜಿಯಂಥ ಕಡ್ಡಿಯಿಂದ ಒಂದೊಂದೇ ಎಳೆ ಬಿಡಿಸಬೇಕು. ಆಮೇಲೆ ಉದ್ದ ನೋಡಿ ಬೇರೆ ಮಾಡಿ ಕಟ್ಟು ಕಟ್ಟಬೇಕು. ಹುಡುಗಿಯ ಅವ್ವ ಮೂಗಿಗೆ ಸೀರೆಯ ಸೆರಗು ಕಟ್ಟಿಕೊಂಡಿದ್ದರು, ಧೂಳಿಗೆ. ಬೆರಳ ತುದಿ ಕಪ್ಪಾಗಿತ್ತು. ನನಗೆ ಚಹಾ ಕೊಟ್ಟು, ಕೆಲಸ ಬಿಡದೆ 'ಹೇಳ್ರಿ ಆ ಕಥಿ' ಅಂದರು. ಇಡೀ ಕಥೆ ಹೇಳಿದೆ. ಸಿಗಡಿ ಹಡಗು, ಮೋಟೆಲು, ನಾಲಿಗೆ, ಫ್ಲಶಿಂಗ್, ಕೂದಲು.

ಆ ತಾಯಿ ಕೂದಲಿನ ಬಗ್ಗೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆ ಅಂದರು. 'ತೂಕದಾಗ ಮಾಲೀಕ ಮೋಸ ಮಾಡಿದ್ರ ನಾ ಓಣಿ ಮಂದಿ ಮುಂದ ನಿಂತು ಜಗಳ ತೆಗಿತೀನ್ರಿ. ಆಕಿ ಯಾರ ಮುಂದ ತೆಗೀಬೇಕು?'

ಹದಿನೈದು ವರ್ಷದಿಂದ ಈ ಕಾದಂಬರಿಯನ್ನು ಪಾಠ ಮಾಡುತ್ತಿದ್ದೇನೆ. ಗೈಡುಗಳಲ್ಲಿ ಇರುವುದೆಲ್ಲ ಸಂಸ್ಕೃತಿ, ಅಸ್ಮಿತೆ, ಹೊಸ ಹುಟ್ಟು. ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ. ಈ ಹೆಂಗಸು ಕೇಳಿದ ಪ್ರಶ್ನೆ ಯಾವ ಗೈಡಿನಲ್ಲೂ ಇಲ್ಲ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮೇಷ್ಟ್ರ ಮೂಲಕ ಅವಳಿಗೆ ಒಂದು ನಕಲಿ ಗ್ರೀನ್ ಕಾರ್ಡ್ ಸಿಗುತ್ತೆ. ಮ್ಯಾನ್‌ಹಟನ್‌ನಲ್ಲಿ ಟೇಲರ್, ವೈಲಿ ಅನ್ನುವ ದಂಪತಿಯ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸ. ಒಳ್ಳೆಯ ಜನ, ಅವಳನ್ನು ಮನೆಯವಳಂತೆ ಕಾಣುತ್ತಾರೆ. ಅಮೆರಿಕದ ಇನ್ನೊಂದು ರಾಜ್ಯ ಅಯೋವಾದಲ್ಲಿ ಅವಳ ಮುಂದಿನ ಬದುಕು ಇನ್ನೂ ದೊಡ್ಡ ಕಥೆ, ಅದನ್ನು ಇವತ್ತು ಬಿಡೋಣ.

ಆದರೆ ಒಂದು ಪುಟ ಹೇಳಲೇಬೇಕು. ಭಾಗ್ಯನಗರದ ಆ ತಾಯಿ ಈಗ ರೇಡಿಯೊ ಕೇಳುತ್ತಿರುತ್ತಾರೆ ಅನ್ನೋದು ನನ್ನ ನಂಬಿಕೆ. ಅವ್ವಾ, ನಿಮ್ಮ ಪ್ರಶ್ನೆಗೆ ಪುಸ್ತಕದಲ್ಲೇ ಉತ್ತರ ಇದೆ. ಅವತ್ತು ನನಗೆ ಹೇಳಲು ಬಾಯಿ ಬರಲಿಲ್ಲ.

ಒಂದು ದಿನ ಅವಳು ಟೇಲರ್ ಜೊತೆ, ಮಗುವಿನ ಜೊತೆ ಪಾರ್ಕಿನಲ್ಲಿರುತ್ತಾಳೆ. ಅಲ್ಲಿ ಒಬ್ಬ ಗಾಡಿಯಲ್ಲಿ ಹಾಟ್ ಡಾಗ್ ಮಾರುತ್ತಿರುತ್ತಾನೆ. ನೋಡಿದರೆ ಅವನೇ, ಅವಳ ಗಂಡನನ್ನು ಕೊಂದವನು. ಅವನೂ ಇವಳನ್ನು ನೋಡಿದ್ದಾನೆ. ಅವಳು ನಡುಗುತ್ತಾ ಟೇಲರ್‌ಗೆ ಹೇಳುತ್ತಾಳೆ. ಪೊಲೀಸರಿಗೆ ಹೇಳೋಣ ಅನ್ನುತ್ತಾನೆ ಟೇಲರ್. ಅವನಿಗೆ ಅದು ಅಷ್ಟು ಸುಲಭ. ಆಗುವುದಿಲ್ಲ, ನಾನು ಇಲ್ಲಿ ಕಾಗದ ಇಲ್ಲದವಳು, ಅದು ಆ ಗಾಡಿಯವನಿಗೂ ಗೊತ್ತು ಅನ್ನುತ್ತಾಳೆ ಅವಳು.

ಗಾಡಿಯವನು ಪಾರ್ಕಿನಲ್ಲೇ ಉಳಿಯುತ್ತಾನೆ. ಅವಳು ಬಟ್ಟೆ ತುಂಬಿಕೊಂಡು, ತಾನು ಸಾಕಿದ ಮಗುವನ್ನು ಬಿಟ್ಟು, ಅಯೋವಾಕ್ಕೆ ಹೊರಡುತ್ತಾಳೆ.