ನನ್ನ ಹತ್ತಿರ ಗನ್ ಇಲ್ಲ, ಆದರೂ ಹೋಲ್‌ಸ್ಟರ್ ಹೊಲಿಯುತ್ತೇನೆ

ನಮಸ್ಕಾರ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಹತ್ತಿರ ಗನ್ ಇಲ್ಲ. ಲೈಸೆನ್ಸ್‌ಗೆ ಅರ್ಜಿ ಹಾಕುವ ಯೋಚನೆಯೂ ಇಲ್ಲ. ಈಗ ವಿಡಿಯೋದಲ್ಲಿ ಟೇಬಲ್ ಮೇಲೆ ನೀಲಿ ಬಣ್ಣದ ಗನ್ ಕಾಣುತ್ತಿದೆಯಲ್ಲ, ಅದು ಮರದ್ದು. ಹಾಲೆ ಮರ. ಚನ್ನಪಟ್ಟಣದ ಗೊಂಬೆ ಮಾಡುತ್ತಾರಲ್ಲ, ಅದೇ. ಮೇಲೆ ಚೆನ್ನಾಗಿ ವಾರ್ನಿಷ್ ಕುಡಿಸಿದ್ದೇನೆ, ನೀರಿಗೆ ಉಬ್ಬಬಾರದು ಅಂತ. ನೀಲಿ ಬಣ್ಣ ಯಾಕೆ ಅಂದರೆ, ನಾನು ಕೂರುವುದು ಬಾಲ್ಕನಿಯಲ್ಲಿ. ಎದುರು ಬಿಲ್ಡಿಂಗ್‌ನವರು ಗಾಬರಿಯಾಗಿ ಪೊಲೀಸರಿಗೆ ಫೋನ್ ಮಾಡಬಾರದು, ಅಷ್ಟೇ.

ಈ ಹೋಲ್‌ಸ್ಟರ್, ಅಂದರೆ ಸೊಂಟದ ಬೆಲ್ಟಿಗೆ ಸಿಕ್ಕಿಸುವ ಗನ್ನಿನ ಚರ್ಮದ ಒರೆ, ನಮ್ಮ ಮಾವನಿಗೆ. ಸಕಲೇಶಪುರದ ಕಡೆ ಅವರದು ಕಾಫಿ ತೋಟ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಇದೆ, ಲೈಸೆನ್ಸ್ ಇರುವಂಥದ್ದು. ಬ್ರಿಟಿಷರ ವೆಬ್ಲಿ ರಿವಾಲ್ವರ್‌ನ ವಂಶದ್ದು ಅದು. ಹಿಂದಿನ ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ಆರು ಗುಂಡಿನ ಸಿಲಿಂಡರ್ ತೆರೆದುಕೊಳ್ಳುತ್ತದೆ. ಮಾವ ಅದನ್ನು ಇಷ್ಟು ದಿನ ಒಂದು ರೆಕ್ಸಿನ್ ಚೀಲದಲ್ಲಿ ಇಟ್ಟುಕೊಂಡಿದ್ದರು. ಕೈ ಹಾಕಿದರೆ ಚೀಲವೂ ಜೊತೆಗೇ ಮೇಲೆ ಬರುತ್ತಿತ್ತು. ನೋಡಿ ನನಗೆ ತಡೆಯಲಿಲ್ಲ.

ಅಳತೆ ತೆಗೆದಿದ್ದು ಅವರ ಮನೆಯ ಊಟದ ಮೇಜಿನ ಮೇಲೆ. ಮಾವನೇ ತೆರೆದು, ಖಾಲಿ ಇದೆ ಅಂತ ತಾವೂ ನೋಡಿ ನನಗೂ ತೋರಿಸಿದರು. ಗುಂಡುಗಳು ಇನ್ನೊಂದು ರೂಮಿನ ಬೀರುವಿನಲ್ಲಿ. ಗ್ರಾಫ್ ಹಾಳೆಯ ಮೇಲೆ ಮಲಗಿಸಿ ಪೆನ್ಸಿಲ್‌ನಿಂದ ಸುತ್ತ ಗೆರೆ ಎಳೆದೆ, ವರ್ನಿಯರ್‌ನಲ್ಲಿ ದಪ್ಪ ಅಳೆದೆ. ಆ ಹಾಳೆ ನೋಡಿಕೊಂಡು ನಮ್ಮ ಏರಿಯಾದ ಬಡಗಿ ಈ ಮರದ್ದನ್ನು ಕೆತ್ತಿಕೊಟ್ಟರು. ನಿಜವಾದ ಗನ್ ಬೆಂಗಳೂರಿಗೆ ಬರಲೇ ಇಲ್ಲ. ಬರಬೇಕಾದ ಅಗತ್ಯವೂ ಇಲ್ಲ. ಹೋಲ್‌ಸ್ಟರ್‌ಗೆ ಆಕಾರ ಕೂರಿಸುವುದು ಚರ್ಮ ಒದ್ದೆಯಿದ್ದಾಗ. ಅದರೊಳಗೆ ಕಬ್ಬಿಣ ತುರುಕಿ ರಾತ್ರಿಯೆಲ್ಲ ಬಿಟ್ಟರೆ ತುಕ್ಕು ಹಿಡಿಯುತ್ತದೆ ಅಂತ ನಿಮಗೇ ಗೊತ್ತು.

ಈಗ ಚರ್ಮ. ನಾನು ಮೊದಲು ಪರ್ಸು, ಬೆಲ್ಟು, ಬ್ಯಾಗು ಮಾಡುತ್ತಿದ್ದೆ. ಅಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು. ಚರ್ಮ ಮೆತ್ತಗಿರಬೇಕು, ಎಣ್ಣೆ ಹಾಕಿ, ಉಜ್ಜಿ, ಮಡಚಿ, ಹದ ಮಾಡಿ. ಹೋಲ್‌ಸ್ಟರ್‌ನಲ್ಲಿ ಇದು ಪೂರ್ತಿ ಉಲ್ಟಾ. ಇಲ್ಲಿ ಚರ್ಮ ಗಟ್ಟಿಯಾಗಿ ನಿಲ್ಲಬೇಕು. ಚೆಂದಕ್ಕಲ್ಲ, ಸೇಫ್ಟಿಗೆ. ಹಳೆಯ, ಜೋತುಬಿದ್ದ ಹೋಲ್‌ಸ್ಟರ್‌ನ ಬಾಯಿ ಒಳಗೆ ಮಡಚಿಕೊಳ್ಳುತ್ತದೆ. ಗನ್ ವಾಪಸ್ ಇಡುವಾಗ ಆ ಮಡಿಕೆ ಟ್ರಿಗರ್ ಗಾರ್ಡ್, ಅಂದರೆ ಟ್ರಿಗರ್ ಸುತ್ತ ಇರುವ ಬಳೆ, ಅದರ ಒಳಗೆ ಹೋಯಿತು ಅಂತಿಟ್ಟುಕೊಳ್ಳಿ. ಮೇಲಿಂದ ಒತ್ತಿದರೆ ಟ್ರಿಗರ್ ಅದುಮಿದ ಹಾಗೇ ಆಯಿತು. ಇದು ಸುಮ್ನೆ ಹೆದರಿಸಲು ಹೇಳುವ ಮಾತಲ್ಲ. ಹೀಗೆ ಗುಂಡು ಹಾರಿ ತೊಡೆ, ಸೊಂಟಕ್ಕೆ ಪೆಟ್ಟು ಮಾಡಿಕೊಂಡವರಿದ್ದಾರೆ. ಹಾಗಾಗಿ ಇವತ್ತಿನ ವಿಡಿಯೋದಲ್ಲಿ ನಾನು ಏನೇ ಮಾಡಿದರೂ ಒಂದು ಪ್ರಶ್ನೆ ಕೇಳಿಕೊಂಡೇ ಮಾಡುತ್ತೇನೆ: ಇದು ಚರ್ಮವನ್ನು ಗಟ್ಟಿ ಮಾಡುತ್ತದಾ, ಮೆತ್ತಗೆ ಮಾಡುತ್ತದಾ?

ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಕ್ರೋಮ್ ಹದದ, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ ಚರ್ಮ. ಜಾಕೆಟ್, ಸೋಫಾ, ಶೂ ಮೇಲ್ಭಾಗ ಎಲ್ಲ ಅದೇ. ನೀರಿಗೆ ಬಗ್ಗುವುದಿಲ್ಲ, ಅಚ್ಚಿಗೆ ಕೂರುವುದಿಲ್ಲ. ಅದರಲ್ಲಿ ಉಳಿದಿರುವ ಉಪ್ಪಿನಂಶ ಲೋಹಕ್ಕೂ ಒಳ್ಳೆಯದಲ್ಲ. ನಮಗೆ ಬೇಕಾಗಿದ್ದು ತೊಗಟೆ ಹದದ್ದು, ಅಂಗಡಿಯವರ ಬಾಯಲ್ಲಿ ವೆಜ್ ಟ್ಯಾನ್. ಶಿವಾಜಿನಗರ, ಟ್ಯಾನರಿ ರೋಡ್ ಕಡೆ ವಿಚಾರಿಸಿದರೆ ಸಿಗುತ್ತದೆ. ಗುರುತಿಸುವುದು ಸುಲಭ. ಒಂದು ಹನಿ ನೀರು ಹಾಕಿ. ಕಪ್ಪಗೆ ಇಂಗಬೇಕು. ಅದೇ ಜಾಗದಲ್ಲಿ ಉಗುರು ಒತ್ತಿದರೆ ಗುರುತು ಹಾಗೇ ಉಳಿಯಬೇಕು. ಕತ್ತರಿಸಿದ ಅಂಚು ಕಂದು ಇರಬೇಕು. ನೀಲಿ-ಬೂದು ಇದ್ದರೆ ವಾಪಸ್ ಕೊಡಿ.

ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ನೋಡಿರುತ್ತೀರಿ, ಆವರಿಕೆ ಅಂತಲೂ ಹೇಳುತ್ತಾರೆ. ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡಲು ತುಂಬಾ ಕಾಲ ಅದರ ತೊಗಟೆಯನ್ನೇ ಬಳಸಿದರು, ಕೊನೆಯಲ್ಲಿ ಅಳಲೆಕಾಯಿ ನೀರು. ಈ ಅಳಲೆಕಾಯಿ ಹೆಸರು ನೆನಪಿಟ್ಟುಕೊಳ್ಳಿ, ಬಣ್ಣ ಹಾಕುವಾಗ ಮತ್ತೆ ಬರುತ್ತದೆ.

ನಾನು ತಂದಿದ್ದು ಎಮ್ಮೆ ಚರ್ಮ, 3 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಮೆರಿಕದವರ ವಿಡಿಯೋಗಳಲ್ಲಿ 8 ಔನ್ಸ್ ಅಂತ ಕೇಳಿ ಗೊಂದಲ ಆಗಬೇಡಿ. ಅದು ತೂಕ ಅಲ್ಲ, ದಪ್ಪ. ಒಂದು ಔನ್ಸ್ ಅಂದರೆ ಇಂಚಿನ 64ನೇ ಒಂದು ಭಾಗ, ಸುಮಾರು 0.4 ಮಿಲಿಮೀಟರ್. ಹೊಟ್ಟೆ ಭಾಗದ ಚರ್ಮ ಅಗ್ಗಕ್ಕೆ ಸಿಗುತ್ತದೆ, ಆದರೆ ಎಳೆದರೆ ಎಳೆದಷ್ಟೂ ಬರುತ್ತದೆ. ಬೇಡ. ಬೆನ್ನಿನ ಭಾಗವೇ ಬೇಕು.

ಕತ್ತರಿಸುವುದನ್ನು ಫಾಸ್ಟ್ ಫಾರ್ವರ್ಡ್ ಮಾಡುತ್ತೇನೆ. ಮೂರು ತುಂಡು: ಮುಂದಿನದು, ಹಿಂದಿನದು, ಬಾಯಿಗೆ ಒಂದು ಪಟ್ಟಿ. ಈ ಪಟ್ಟಿ ಚಿಕ್ಕದು, ಆದರೆ ನನ್ನ ಪ್ರಕಾರ ಇಡೀ ಹೋಲ್‌ಸ್ಟರ್‌ನಲ್ಲಿ ಮುಖ್ಯವಾದ ತುಂಡು ಇದೇ. ಬಾಯಿಯ ಹತ್ತಿರ ಚರ್ಮ ಎರಡು ಪದರ ಆಗುತ್ತದೆ. ಗನ್ ಹೊರಗೆ ತೆಗೆದಾಗಲೂ ಬಾಯಿ ತೆರೆದೇ ಇರುತ್ತದೆ. ಒಂದೇ ಕೈಯಲ್ಲಿ, ನೋಡಿಕೊಂಡು, ನಿಧಾನವಾಗಿ ವಾಪಸ್ ಇಡಬಹುದು. ಅಂಟಿಗೆ ಸಿಂಥೆಟಿಕ್ ರಬ್ಬರ್ ಗಮ್. ಎರಡೂ ಕಡೆ ತೆಳ್ಳಗೆ ಹಚ್ಚಿ, ಒಣಗಿದ ಹಾಗೆ ಅನಿಸಿದ ಮೇಲೆ ಸೇರಿಸಿ. ಕಿಟಕಿ ತೆಗೆದಿಡಿ, ವಾಸನೆ ತಲೆಗೆ ಹತ್ತುತ್ತದೆ.

ಹೊಲಿಗೆ ಕೈಯಲ್ಲೇ. ಒಂದು ದಾರ, ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಸೂಜಿ ದಾಟುತ್ತದೆ. ಮಷಿನ್ ಹೊಲಿಗೆಯಲ್ಲಿ ಒಂದು ಕಡೆ ದಾರ ಹೋದರೆ ಸರಸರ ಬಿಚ್ಚಿಕೊಳ್ಳುತ್ತದೆ. ಇದರಲ್ಲಿ ಒಂದು ಎಳೆ ಸವೆದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಹೊಲಿಗೆಯ ಉದ್ದದ ನಾಲ್ಕು ಪಟ್ಟು ದಾರ ತಗೊಳ್ಳಿ, ದಪ್ಪ ಚರ್ಮಕ್ಕೆ ಇನ್ನೂ ಸ್ವಲ್ಪ ಜಾಸ್ತಿ.

ಈ ಕೆಲಸದಲ್ಲಿ ನನ್ನ ಕೈ ತಿದ್ದಿದವರು ನಮ್ಮ ಬಸ್ ಸ್ಟಾಪ್ ಹತ್ತಿರ ಲಿಡ್ಕರ್, ಅಂದರೆ ರಾಜ್ಯದ ಚರ್ಮ ಕೈಗಾರಿಕಾ ನಿಗಮದ, ಪೆಟ್ಟಿಗೆ ಅಂಗಡಿಯಲ್ಲಿ ಕೂರುವ ಒಬ್ಬ ಹಿರಿಯರು. ನನ್ನ ಹೊಲಿಗೆ ನೋಡಿ, "ದಾರಕ್ಕೆ ಮೇಣ ಸಾಲಲಿಲ್ಲ ಸಾರ್, ನೀರು ಕುಡಿಯುತ್ತೆ" ಅಂದರು. "ಎಷ್ಟು ಹಚ್ಚಬೇಕು ಅಣ್ಣಾ?" ಅಂದೆ. ಮಾತಾಡಲಿಲ್ಲ. ದಾರ ಇಸ್ಕೊಂಡು ಮೇಣದ ಉಂಡೆಯ ಮೇಲೆ ಎಳೆದು, ಬೆರಳಲ್ಲಿ ಒಮ್ಮೆ ಜಾರಿಸಿ ತೋರಿಸಿದರು. ಅವರ ಉಳಿ, ರಂಪಿ ಮುಂದೆ ನಾನು ಆನ್‌ಲೈನ್‌ನಲ್ಲಿ ತರಿಸಿದ ಟೂಲ್ ಸೆಟ್ಟು ಆಟದ ಸಾಮಾನು. ಅವರು ಹೊಲಿದರೆ ಅದು ರಿಪೇರಿ, ನಾನು ಹೊಲಿದರೆ ಹ್ಯಾಂಡ್‌ಮೇಡ್. ಬೆಲೆ ಹೇಳುವಾಗ ಈ ವ್ಯತ್ಯಾಸ ನನಗೆ ಮುಜುಗರ ತರುತ್ತದೆ. ಅದಕ್ಕೇ ಇದುವರೆಗೆ ಯಾವುದನ್ನೂ ಮಾರಿಲ್ಲ.

ಹೊಲಿಗೆ ಇನ್ನೂ ನಡೀತಾ ಇದೆ. ಅಷ್ಟರಲ್ಲಿ ಒಂದು ಕಥೆ. ಪೊಲೀಸ್ ಆಫೀಸರ್‌ಗಳ ಪೆರೇಡಿನಲ್ಲಿ ಸೊಂಟದ ಬೆಲ್ಟಿನಿಂದ ಹೆಗಲ ಮೇಲೆ ಹಾದುಹೋಗುವ ಪಟ್ಟಿ ನೋಡಿದ್ದೀರಲ್ಲ? ಅದರ ಹೆಸರು ಸ್ಯಾಮ್ ಬ್ರೌನ್ ಬೆಲ್ಟ್. ಸ್ಯಾಮ್ ಬ್ರೌನ್ ಬ್ರಿಟಿಷ್ ಇಂಡಿಯನ್ ಸೇನೆಯ ಅಧಿಕಾರಿ. 1858ರಲ್ಲಿ, ಈಗಿನ ಉತ್ತರ ಪ್ರದೇಶದಲ್ಲಿ ನಡೆದ ಕಾಳಗದಲ್ಲಿ ಎಡಗೈ ಕಳೆದುಕೊಂಡ. ಕತ್ತಿ ಎಳೆಯುವಾಗ ಒರೆಯನ್ನು ಹಿಡಿಯುವುದು ಎಡಗೈ. ಅದೇ ಇಲ್ಲದ ಮೇಲೆ ಒರೆ ಅಲುಗಾಡದ ಹಾಗೆ ಅಡ್ಡಪಟ್ಟಿ ಕಟ್ಟಿಕೊಂಡ. ಹೋಲ್‌ಸ್ಟರ್‌ಗೂ ಇದೇ ಲೆಕ್ಕ. ಅದು ಬೆಲ್ಟಿನ ಮೇಲೆ ಜಾರುತ್ತಿದ್ದರೆ ಒಳಗಿನ ಕೆಲಸ ಎಷ್ಟು ಚೆನ್ನಾಗಿದ್ದರೂ ದಂಡ. ಮಾವನ ಬೆಲ್ಟು ಒಂದೂವರೆ ಇಂಚು. ಹಿಂದಿನ ಸೀಳುಗಳನ್ನು ಅದಕ್ಕೆ ಬಿಗಿಯಾಗಿ ಕೂರುವ ಹಾಗೇ ಕತ್ತರಿಸಿದ್ದೇನೆ.

ಸರಿ, ಬಣ್ಣ. ಮಾವ ಕಪ್ಪು ಕೇಳಿದ್ದಾರೆ. ಮಾವ ಹಾಕುವುದು ಬಿಳಿ ಶರ್ಟು. ಸ್ಪಿರಿಟ್ ಡೈ ಹಚ್ಚಿ ಸರಿಯಾಗಿ ಉಜ್ಜದಿದ್ದರೆ ಬಣ್ಣವೆಲ್ಲ ಶರ್ಟಿಗೆ. ಅತ್ತೆ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಅದಕ್ಕೆ ನಾನು ಡೈ ಬಿಟ್ಟು ವಿನೆಗರ್ ದಾರಿ ಹಿಡಿದೆ. ತುಕ್ಕು ಹಿಡಿದ ಕಬ್ಬಿಣದ ಮೊಳೆಗಳನ್ನು ಬಿಳಿ ವಿನೆಗರ್‌ನಲ್ಲಿ ಹಾಕಿ ವಾರಗಟ್ಟಲೆ ಬಿಡಬೇಕು. ಮುಚ್ಚಳ ಬಿಗಿ ಮಾಡಬಾರದು, ಒಳಗೆ ಗ್ಯಾಸ್ ಹುಟ್ಟುತ್ತದೆ. ಆಮೇಲೆ ಬಟ್ಟೆಯಲ್ಲಿ ಸೋಸಿದರೆ ಆಯಿತು. ಈಗ ನೋಡಿ, ಈ ಶಾಟ್‌ನಲ್ಲಿ ಸ್ಪೀಡ್ ಬದಲಾಯಿಸಿಲ್ಲ. ಬ್ರಷ್ ಎಳೆದಲ್ಲಿ ಮೊದಲು ಬೂದಿ ಬಣ್ಣ, ನೋಡ್ತಾ ನೋಡ್ತಾ ಕಪ್ಪು.

ಇದು ಚರ್ಮದ ಮೇಲೆ ಕೂತ ಬಣ್ಣ ಅಲ್ಲ. ತೊಗಟೆಯ ಒಗರಿನ ಅಂಶ, ಅಂದರೆ ಟ್ಯಾನಿನ್ ಜೊತೆ ಕಬ್ಬಿಣ ಸೇರಿ ಚರ್ಮವೇ ಕಪ್ಪಾಗುತ್ತದೆ. ಅಳಲೆಕಾಯಿ ನೆನಪಿದೆಯಲ್ಲ? ಹಿಂದೆ ಅದನ್ನು ಅನ್ನಭೇದಿ ಅನ್ನುವ ಕಬ್ಬಿಣದ ಉಪ್ಪಿನ ಜೊತೆ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದರು. ಅಲ್ಲಿಯೂ ಟ್ಯಾನಿನ್, ಕಬ್ಬಿಣ, ಇದೇ ಕಪ್ಪು. ಎಲ್ಲಾದರೂ ತೆಳುವಾಗಿ ಬಂದರೆ ಹಾಲಿಲ್ಲದ ಸ್ಟ್ರಾಂಗ್ ಟೀ ಡಿಕಾಕ್ಷನ್ ಹಚ್ಚಿ ಮತ್ತೆ ಬ್ರಷ್ ಎಳೆಯಿರಿ. ಟೀಯಲ್ಲೂ ಟ್ಯಾನಿನ್ ಇದೆ.

ಒಂದನ್ನು ಮಾತ್ರ ಮರೆಯಬೇಡಿ. ವಿನೆಗರ್ ಹುಳಿ, ಒಳಗೆ ಉಳಿದರೆ ರಿವಾಲ್ವರ್‌ಗೆ ತುಕ್ಕು. ಅಡುಗೆ ಸೋಡಾ ಕಲಸಿದ ನೀರಲ್ಲಿ ಅದ್ದಿ. ಗುಳ್ಳೆ ಏಳುತ್ತದೆ. ನಿಂತ ಮೇಲೆ ಒಳ್ಳೆ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಹೇಗೂ ಚರ್ಮ ಒದ್ದೆಯಾಯಿತಲ್ಲ, ಅದೇ ಒದ್ದೆಯಲ್ಲಿ ಅಚ್ಚು ಕೂರಿಸಿಬಿಡುತ್ತೇನೆ. ನೀರು ಸೋರಿ, ಮೇಲ್ಮೈ ಸ್ವಲ್ಪ ಆರಿದ ಹಾಗೆ ಕಾಣಬೇಕು. ಒಳಗೆ ಇನ್ನೂ ತಂಪಿರಬೇಕು.

ಮರದ ಗನ್ ಒಳಗೆ ಹೋಯಿತು. ಅದರ ಮೇಲ್ಭಾಗಕ್ಕೆ ಒಂದು ತೆಳು ಕಡ್ಡಿ ಅಂಟಿಸಿದ್ದೇನೆ, ನೋಡಿ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಒಂದು ಮೊನೆ ಇರುತ್ತದೆ. ಅದಕ್ಕೆ ದಾರಿ ಬಿಡದಿದ್ದರೆ ಹೊರಗೆ ಎಳೆದಾಗಲೆಲ್ಲ ಒಳಗಿನ ಚರ್ಮವನ್ನು ಕೆರೆಯುತ್ತದೆ. ಆಮೇಲೆ ಹೆಬ್ಬೆರಳಿಂದ ಒತ್ತುವುದು. ಇಲ್ಲಿ ನನ್ನದೊಂದು ತಕರಾರಿದೆ. ಕೆಲವರು ಗನ್ನಿನ ಒಂದೊಂದು ಸ್ಕ್ರೂ ಕೂಡ ಚರ್ಮದ ಮೇಲೆ ಮೂಡುವ ಹಾಗೆ ತಿಕ್ಕುತ್ತಾರೆ. ಫೋಟೋಗೆ ಚೆನ್ನಾಗಿರುತ್ತದೆ. ಆದರೆ ರಿವಾಲ್ವರ್ ಹಿಡಿದು ನಿಲ್ಲಿಸುವುದು ಎರಡೇ ಜಾಗ. ಸಿಲಿಂಡರ್‌ನ ಉಬ್ಬಿನ ಮುಂದೆ, ಟ್ರಿಗರ್ ಗಾರ್ಡ್ ಸುತ್ತ. ಅಷ್ಟನ್ನು ಆಳವಾಗಿ ಒತ್ತಿ, ಉಳಿದದ್ದನ್ನು ಬಿಡಿ. ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಅದರಲ್ಲಿ ರಾಜಿ ಇಲ್ಲ.

ಒಣಗಿಸುವುದೇ ಬೆಂಗಳೂರಿನಲ್ಲಿ ಕಷ್ಟ. ಮಾರ್ಚ್‌ನಲ್ಲಾದರೆ ಒಂದು ದಿನದ ಕೆಲಸ. ಜುಲೈನ ಜಿಟಿಜಿಟಿ ಮಳೆಯಲ್ಲಿ ಸುಮ್ನೆ ನೇತುಹಾಕಿದರೆ ಬೂಷ್ಟು ಬರುತ್ತದೆ. ಬಿಸಿಲಿಗೆ ಇಟ್ಟರೆ ಸೊಟ್ಟ ಆಗುತ್ತದೆ. ನಾನು ಫ್ಯಾನ್ ಕೆಳಗೆ ಇಟ್ಟು, ಮಧ್ಯೆ ಮಧ್ಯೆ ಹೇರ್ ಡ್ರೈಯರ್‌ನ ಕಡಿಮೆ ಬಿಸಿ ಕೊಟ್ಟೆ. 50 ಡಿಗ್ರಿ ದಾಟಬಾರದು. ಒದ್ದೆ ಚರ್ಮಕ್ಕೆ ಬಿಸಿ ಜಾಸ್ತಿಯಾದರೆ ಮುದುಡಿ ಹಪ್ಪಳದ ಹಾಗೆ ಮುರಿಯುತ್ತದೆ. ಹದವಾದ ಬಿಸಿ ಸಿಕ್ಕರೆ ಬೇಕಾದಷ್ಟೇ ಗಟ್ಟಿಯಾಗುತ್ತದೆ. ಬೆರಳಲ್ಲಿ ತಟ್ಟಿ ನೋಡಿ, ಟಕ್ ಟಕ್ ಅನ್ನಬೇಕು.

ಈಗ ಎಣ್ಣೆ. ಅಮ್ಮ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದಿಟ್ಟರು. "ಒಣಗಿದೆ ಕಣೋ, ಧಾರಾಳವಾಗಿ ಹಚ್ಚು" ಅಂದರು. ಚಪ್ಪಲಿಗಾದರೆ ಸರಿ ಅಮ್ಮ, ಇದಕ್ಕೆ ಬೇಡ. ಇಷ್ಟು ಹೊತ್ತು ಕಷ್ಟಪಟ್ಟು ಗಟ್ಟಿ ಮಾಡಿದ್ದು ಎಣ್ಣೆ ಕುಡಿದರೆ ಮತ್ತೆ ಮೆತ್ತಗೆ. ಆದರೆ ಒಂದು ಹನಿಯೂ ಹಾಕದೆ ಬಿಡುವ ಹಾಗಿಲ್ಲ, ಕೆಲವು ವರ್ಷದಲ್ಲಿ ಬಿರುಕು ಬಿಡುತ್ತದೆ. ಹಾಗಾಗಿ ನೀಟ್ಸ್‌ಫೂಟ್ ಎಣ್ಣೆ, ದನದ ಕಾಲಿನ ಮೂಳೆಯಿಂದ ತೆಗೆಯುವಂಥದ್ದು, ಬಟ್ಟೆಗೆ ಸ್ವಲ್ಪ ತಾಕಿಸಿ ಹೊರಗಡೆ ಮಾತ್ರ ಒಂದೇ ಕೈ. ಮೇಲೆ ಅಕ್ರಿಲಿಕ್ ಫಿನಿಶ್, ಅರ್ಧಕ್ಕರ್ಧ ನೀರು ಬೆರೆಸಿ ತೆಳ್ಳಗೆ ಎರಡು ಸಲ. ದಪ್ಪಗೆ ಬಳಿದರೆ ಪ್ಲಾಸ್ಟಿಕ್ ಥರ ಹೊಳೆಯುತ್ತದೆ, ಬಾಗಿದ ಕಡೆ ಸೀಳುತ್ತದೆ.

ಅಂಚು ನನಗೆ ಇಷ್ಟದ ಭಾಗ. ಮೂಲೆ ಹೆರೆದು, ಉಪ್ಪುಕಾಗದದಲ್ಲಿ ಒರಟಿನಿಂದ ನಯಕ್ಕೆ ತಿಕ್ಕಿದ್ದು ಬಣ್ಣಕ್ಕಿಂತ ಮುಂಚೆಯೇ ಮುಗಿದಿದೆ. ಈಗ ಹೊಳಪು. ವಿದೇಶದವರು ಗಮ್ ಟ್ರಾಗಕಾಂತ್ ಅಂತ ಡಬ್ಬಿಗೆ ದುಡ್ಡು ಕೊಡುತ್ತಾರೆ. ನಾನು ಚಿಕ್ಕಪೇಟೆ ಕಡೆಯ ಗ್ರಂಥಿಗೆ ಅಂಗಡಿಯಲ್ಲಿ ಗೋಂದ್ ಕತೀರಾ ತಂದೆ. ಬೇಸಿಗೆಯಲ್ಲಿ ಶರಬತ್ತಿಗೆ ಹಾಕುತ್ತಾರಲ್ಲ, ಅದು. ರಾತ್ರಿ ನೆನೆಸಿದರೆ ಬೆಳಗ್ಗೆ ಲೋಳೆ. ಅಂಚಿಗೆ ಸವರಿ, ತೋಡು ಕೊರೆದ ಮರದ ಕೋಲಿನಿಂದ ಜೋರಾಗಿ ಉಜ್ಜಿದರೆ ಆ ಬಿಸಿಗೆ ಪದರಗಳೆಲ್ಲ ಕೂಡಿಕೊಂಡು ಒಂದೇ ತುಂಡಿನ ಹಾಗೆ ಕಾಣುತ್ತವೆ. ಕೊನೆಗೆ ಜೇನುಮೇಣ. ಮೇಣ ಮೊದಲೇ ಹಚ್ಚಿದರೆ ಲೋಳೆ ಹಿಡಿಯುವುದಿಲ್ಲ.

ಗನ್ ಬೀಳದ ಹಾಗೆ ಮೇಲಿಂದ ಹಾಯಿಸಿ ಹಾಕುವ ಪಟ್ಟಿಗೆ ಟಿಚ್ ಬಟನ್. ಅದರ ಹಿಂಭಾಗದ ಲೋಹ ರಿವಾಲ್ವರ್‌ಗೆ ತಾಗಬಾರದು, ಅದಕ್ಕೆ ಒಂದು ತೆಳು ಚರ್ಮ ಹೊದಿಸಿದ್ದೇನೆ.

ಸಕಲೇಶಪುರಕ್ಕೆ ಒಯ್ದು ಕೊಟ್ಟೆ. ಮಾವ ಖಾಲಿ ರಿವಾಲ್ವರ್ ಇಟ್ಟು, ಬಟನ್ ಹಾಕದೆ, ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಕೊಡವಿದರು. ಬೀಳಲಿಲ್ಲ. ತೆಗೆಯಲು ಹೋದರೆ ಬಿಗಿ. "ಏನಯ್ಯಾ, ಬರೋದೇ ಇಲ್ವಲ್ಲೋ?" ಅಂದರು. ಹೊಸದು ಮಾವ, ಹೀಗೇ ಇರಬೇಕು. ಮರದ್ದಕ್ಕೆ ಪಾಲಿಥಿನ್ ಕವರ್ ಸುತ್ತಿ ಒಂದು ರಾತ್ರಿ ಒಳಗೆ ಬಿಟ್ಟೆವು, ಬೆಳಗ್ಗೆ ಸರಿಹೋಯಿತು. ಎಣ್ಣೆ ಹಾಕಬೇಡಿ ಅಂತ ಅತ್ತೆಗೂ ಹೇಳಿ ಬಂದೆ. ಮನೆಯಲ್ಲಿದ್ದಾಗ ರಿವಾಲ್ವರ್ ಬೇರೆ, ಹೋಲ್‌ಸ್ಟರ್ ಬೇರೆ ಇಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಚರ್ಮ ತೇವ ಹೀರಿಕೊಂಡು ಕೂರುತ್ತದೆ.

ಆಮೇಲೆ ಚುನಾವಣೆ ಬಂತು. ಲೈಸೆನ್ಸ್ ಗನ್‌ಗಳನ್ನು ಸ್ಟೇಷನ್‌ಗೆ ಒಪ್ಪಿಸಲು ಹೇಳಿದರು, ಮಾವನೂ ಒಪ್ಪಿಸಿದರು. ಒಂದು ದಿನ ಫೋನ್ ಮಾಡಿ, "ನಿನ್ನ ಹೋಲ್‌ಸ್ಟರ್‌ನಲ್ಲಿ ಗಿಡ ಸವರೋ ಕತ್ತರಿ ಇಟ್ಕೊಂಡು ತೋಟ ಸುತ್ತುತ್ತಾ ಇದೀನಿ ಕಣೋ, ಆದ್ರೆ ಅಲ್ಲಾಡುತ್ತೆ" ಅಂದರು. ಅಲ್ಲಾಡದೆ ಇರುತ್ತಾ? ಅಚ್ಚು ರಿವಾಲ್ವರ್‌ದು. ಆ ಕತ್ತರಿ ಪಾರ್ಸೆಲ್ ಮಾಡಿಸಿಕೊಂಡಿದ್ದೇನೆ. ಉಳಿದ ಎಮ್ಮೆ ಚರ್ಮ ಅದಕ್ಕೆ ಸಾಕಾಗುತ್ತದೆ. ಮುಂದಿನ ವಿಡಿಯೋ ಅದೇ. ಗನ್ ಇಲ್ಲದವರೂ ಮಾಡಬಹುದು, ಕತ್ತರಿಗೆ ಲೈಸೆನ್ಸ್ ಬೇಡ.