ವಿದ್ಯುತ್ ಸ್ಪೋರ್ಟ್ಸ್ ಕಾರು: ಕಾಲಿಗೆ ಹಬ್ಬ, ಕೈಗೆ ಬಾಕಿ

ಕೇಳುಗರಿಗೆ ನಮಸ್ಕಾರ.

ವಿದ್ಯುತ್ ಕಾರಿನ ವೇಗದ ಬಗ್ಗೆ ಈಗ ಯಾರ ತಕರಾರೂ ಇಲ್ಲ. ಕ್ರೊಯೇಷಿಯಾದ ರಿಮಾಕ್ ನೆವೆರಾಗೆ ನಾಲ್ಕು ಮೋಟಾರು, 1,914 ಅಶ್ವಶಕ್ತಿ. ಆದರೆ ಕಾರು ಓಡಿಸುವುದನ್ನೇ ಪ್ರೀತಿಸುವವರಿಗೆ ಬೇಕಾದದ್ದು ಬೇರೆ. ತಿರುವಿನಲ್ಲಿ ಟೈರಿನ ಹಿಡಿತ ಎಲ್ಲಿ ತಪ್ಪಲಿದೆ ಎಂಬುದು ಸ್ಟೀರಿಂಗ್ ಹಿಡಿದ ಕೈಗೆ, ಸೀಟಿಗೊರಗಿದ ಬೆನ್ನಿಗೆ ಮೊದಲೇ ತಿಳಿಯಬೇಕು.

ಇಲ್ಲಿ ಅಡ್ಡ ಬರುವುದು ತೂಕ. 1996ರ ಪೆಟ್ರೋಲ್ ಸ್ಪೋರ್ಟ್ಸ್ ಕಾರು ಲೋಟಸ್ ಎಲೀಸ್ ಸುಮಾರು 725 ಕಿಲೋ ಇತ್ತು. ಎಲೀಸ್‌ನ ಚೌಕಟ್ಟನ್ನೇ ಆಧರಿಸಿ 2008ರಲ್ಲಿ ಬಂದ ವಿದ್ಯುತ್ ಕಾರು ಟೆಸ್ಲಾ ರೋಡ್‌ಸ್ಟರ್‌ನಲ್ಲಿ ಬ್ಯಾಟರಿಯೊಂದೇ 450 ಕಿಲೋ. ಇಂದಿನ ಹ್ಯುಂಡೈ ಅಯೋನಿಕ್ 5 ಎನ್ 2,200 ಕಿಲೋ ಆಸುಪಾಸು. ಬ್ಯಾಟರಿ ನೆಲದಡಿ ಇರುವುದರಿಂದ ಕಾರು ಕಡಿಮೆ ವಾಲುತ್ತದೆ, ನಿಜ. ಆದರೂ ಭಾರ ಭಾರವೇ. ಅದನ್ನು ಹಿಡಿದಿಡಲು ಗಡಸು ಸ್ಪ್ರಿಂಗು, ಅಗಲ ಟೈರು, ಸ್ಟೀರಿಂಗಿಗೆ ಹೆಚ್ಚು ಮೋಟಾರು ನೆರವು ಬೇಕು. ರಸ್ತೆಯ ಸುದ್ದಿ ಕೈ ಮುಟ್ಟುವ ಮೊದಲೇ ಅರ್ಧ ಕರಗಿಹೋಗುತ್ತದೆ.

ಎರಡನೆಯದು ಬಿಸಿ. ಕರೆಂಟು ಇಮ್ಮಡಿಯಾದರೆ ಬ್ಯಾಟರಿಯೊಳಗಿನ ಪ್ರತಿರೋಧದಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ಹೀಗಾಗಿ ಟ್ರ್ಯಾಕಿನಲ್ಲಿ ಕೆಲವು ಸುತ್ತು ಕಳೆಯುತ್ತಲೇ ಎಷ್ಟೋ ಕಾರುಗಳು ತಾವಾಗಿ ಶಕ್ತಿ ತಗ್ಗಿಸುತ್ತವೆ. ಅಯೋನಿಕ್ 5 ಎನ್ ಇದಕ್ಕೆ ಒಳ್ಳೆಯ ಉಪಾಯ ಮಾಡಿದೆ: ಡ್ರ್ಯಾಗ್ ಓಟಕ್ಕೆ, ಅಂದರೆ ನೇರ ರಸ್ತೆಯ ಚುಟುಕು ಓಟಕ್ಕೆ, ಬ್ಯಾಟರಿಯನ್ನು 30ರಿಂದ 40 ಡಿಗ್ರಿಗೆ ತರುತ್ತದೆ, ಏಕೆಂದರೆ ಬೆಚ್ಚಗಿನ ಸೆಲ್ಲು ಒಮ್ಮೆಲೇ ಹೆಚ್ಚು ಶಕ್ತಿ ಕೊಡುತ್ತದೆ. ಟ್ರ್ಯಾಕಿಗಾದರೆ 20ರಿಂದ 30 ಡಿಗ್ರಿ ಸಾಕು. ಮುಂದೆ ಬಿಸಿಯೇರಲು ಜಾಗ ಉಳಿಯಬೇಕಲ್ಲ.

ಟ್ರ್ಯಾಕಿಗೆ ಇಳಿಯುವವರು ಬ್ಯಾಟರಿಯನ್ನು ಪೂರ್ತಿ ತುಂಬಿಸಬಾರದು. ಬ್ರೇಕ್ ಹಾಕಿದಾಗ ಮೋಟಾರೇ ಕಾರನ್ನು ತಡೆದು ವಿದ್ಯುತ್ತನ್ನು ಮರಳಿಸುತ್ತದೆ; ತುಂಬಿದ ಬ್ಯಾಟರಿಗೆ ಅದನ್ನು ಇಟ್ಟುಕೊಳ್ಳಲು ಸ್ಥಳವಿಲ್ಲ. ಆಗ ಕಾರು ನಿಲ್ಲಿಸುವ ಪೂರಾ ಹೊಣೆ ಬ್ರೇಕ್ ಪ್ಯಾಡುಗಳ ಮೇಲೆ ಬಿದ್ದು ಅವು ಬೇಗ ಕಾಯುತ್ತವೆ. ಚಾರ್ಜು ತೀರಾ ಇಳಿದಾಗ ವೋಲ್ಟೇಜ್ ಕುಸಿದು ಎಳೆತವೂ ಸೊರಗುತ್ತದೆ. ಬ್ರೇಕ್ ಆಯಿಲ್ ಹೊಸದಿರಲಿ. ಹಳೆಯದು ತೇವ ಹೀರಿ ಬೇಗ ಕುದಿಯುತ್ತದೆ. ಟೈರಿನ ಗಾಳಿಯನ್ನು ಕೆಲವು ಸುತ್ತಿನ ನಂತರ ಬಿಸಿಯಿರುವಾಗಲೇ ಅಳೆದು ಹೊಂದಿಸಿ. ಕೊನೆಯ ಸುತ್ತು ನಿಧಾನವಾಗಿರಲಿ, ಡಿಸ್ಕುಗಳಿಗೆ ಗಾಳಿ ಆಡಲಿ.

ಕೃತಕ ಗೇರಿನ ಬಗ್ಗೆ ಒಂದು ಮಾತು. ಅಯೋನಿಕ್ 5 ಎನ್ ಎಂಟು ಗೇರುಗಳ ಅನುಭವವನ್ನು, ಸದ್ದು ಮತ್ತು ಗೇರು ಬದಲಾಗುವ ಜಗ್ಗಿನ ಸಮೇತ, ಸಾಫ್ಟ್‌ವೇರಿನಿಂದ ಕೊಡುತ್ತದೆ. ಅದು ಬರೀ ಆಟಿಕೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಎಂಜಿನ್ನಿನ ಏರುದನಿ ಇಲ್ಲದಿದ್ದರೆ ವೇಗದ ಅಂದಾಜು ತಪ್ಪಿ ತಿರುವಿಗೆ ಜೋರಾಗಿ ನುಗ್ಗುವುದು ಸುಲಭ. ಆ ಸದ್ದು, ಆ ಜಗ್ಗು ಕಿವಿಗೂ ಮೈಗೂ ಅಳತೆ ಕೊಡುತ್ತವೆ. ಕ್ಲಚ್ಚು ತುಳಿಯುವ ಸುಖ ಮಾತ್ರ ಅದರಿಂದ ಸಿಗದು.

ಆಕ್ಸಿಲರೇಟರಿನ ಸೂಕ್ಷ್ಮತೆಯಲ್ಲೇ ಸುಖ ಕಾಣುವವರಿಗೆ ವಿದ್ಯುತ್ ಕಾರು ಈಗಲೇ ತೃಪ್ತಿ ಕೊಡುತ್ತದೆ. ಹಗುರತನಕ್ಕೆ ಮನಸೋತವರು ಬ್ಯಾಟರಿ ಹಗುರವಾಗುವವರೆಗೆ ಕಾಯಬೇಕು. ಕೊಳ್ಳುವ ಮುನ್ನ ಖಾಲಿ ರಸ್ತೆಯಲ್ಲಿ 60 ಕಿಲೋಮೀಟರ್ ವೇಗದಿಂದ ಒಂದೇ ಒತ್ತಡದಲ್ಲಿ ಮೆಲ್ಲಗೆ ಬ್ರೇಕ್ ಹಾಕಿ. ಕಾರು ನಿಲ್ಲುವ ಹೊತ್ತಿಗೆ ಮೋಟಾರು ಬಿಟ್ಟು ಪ್ಯಾಡು ಹಿಡಿಯುವ ಗಳಿಗೆ ಪಾದಕ್ಕೆ ಗೊತ್ತಾದರೆ, ಆ ಕಾರು ಇನ್ನೂ ಹದಕ್ಕೆ ಬಂದಿಲ್ಲ.