ಸುಣ್ಣದ ಬಿಸಿ, ಮೈಲುತುತ್ತದ ಲೆಕ್ಕ

ಕೇಳುಗರಿಗೆ ನಮಸ್ಕಾರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಬಂತು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಅಂದರೆ ನೀಲಿ ಕಾಪರ್ ಸಲ್ಫೇಟ್, ಒಂದು ಕಿಲೋ ಸುಟ್ಟ ಸುಣ್ಣ. ಆ ಸುಣ್ಣಕ್ಕೆ ನೀರು ಬಿದ್ದಾಗ ಬುಸುಗುಟ್ಟಿ ಹಬೆ ಏಳುತ್ತದಲ್ಲ, ಆ ಶಾಖ ಎಷ್ಟೆಂದು ಥರ್ಮಾಮೀಟರ್ ಮುಟ್ಟದೆಯೇ ಹೇಳಬಹುದು. ಪಿಯುಸಿ ಮಕ್ಕಳು ಪೆನ್ನು ಹಿಡಿದುಕೊಳ್ಳಿ.

ಧಾತುಗಳಿಂದ ಒಂದು ಮೋಲ್, ಅಂದರೆ ಕಣಗಳ ಒಂದು ನಿಗದಿತ ಎಣಿಕೆಯಷ್ಟು, ಸಂಯುಕ್ತ ಉಂಟಾಗುವಾಗಿನ ಎಂಥಾಲ್ಪಿ ಬದಲಾವಣೆ, ಅಂದರೆ ಹೊರಬೀಳುವ ಇಲ್ಲವೇ ಒಳಹೋಗುವ ಶಾಖ, ಕೋಷ್ಟಕದಲ್ಲಿರುತ್ತದೆ; ಹೊರಬಿದ್ದರೆ ಮೈನಸ್. ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್‌ಗೆ ಅದು ಮೈನಸ್ 635.1 ಕಿಲೋಜೌಲ್. ದ್ರವ ನೀರಿಗೆ ಮೈನಸ್ 285.8. ನೀರು ಸೇರಿ ಅರಳಿದ ಸುಣ್ಣಕ್ಕೆ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ಗೆ, ಮೈನಸ್ 986.1. ಉತ್ಪನ್ನವಾದ ಅರಳಿದ ಸುಣ್ಣದ್ದರಿಂದ ಪ್ರತಿವರ್ತಕಗಳಾದ ಸುಟ್ಟ ಸುಣ್ಣ, ನೀರಿನ ಮೊತ್ತ ಕಳೆಯಿರಿ. ಮೈನಸ್ 986.1ರಿಂದ ಮೈನಸ್ 920.9 ಕಳೆದರೆ ಮೈನಸ್ 65.2. ಮೋಲ್‌ಗೆ 65.2 ಕಿಲೋಜೌಲ್ ಹೊರಬಿತ್ತು, ಬಹಿರುಷ್ಣಕ ಕ್ರಿಯೆ. ಹೆಚ್ಚಿನವರು ಎಡವುವುದು ಇಲ್ಲೇ: ಮೈನಸ್‌ನ ಮೈನಸ್ ಪ್ಲಸ್ ಆಗುವುದನ್ನು ಮರೆಯುತ್ತಾರೆ. ಅದಕ್ಕಿಂತ ಕೆಟ್ಟ ತಪ್ಪು ಇನ್ನೊಂದು. ನೀರಿಗೆ ಆವಿಯ ಬೆಲೆ, ಮೈನಸ್ 241.8 ಹಾಕಿದರೆ ಉತ್ತರ ಮೈನಸ್ 109.2 ಬರುತ್ತದೆ. ಲೆಕ್ಕ ಸರಿಯೆಂದೇ ಕಾಣುತ್ತದೆ, ಆದರೆ 44 ಕಿಲೋಜೌಲ್ ಹೆಚ್ಚು. ಆದ್ದರಿಂದ ಘನ, ದ್ರವ, ಅನಿಲ ಎಂದು ಸಮೀಕರಣದಲ್ಲೇ ಬರೆಯಿರಿ, ಆಮೇಲೆ ಕೋಷ್ಟಕ ನೋಡಿ.

ಈಗ ತೋಟಕ್ಕೆ ಬನ್ನಿ. ಒಂದು ಕಿಲೋ ಶುದ್ಧ ಸುಟ್ಟ ಸುಣ್ಣವೆಂದರೆ ಸುಮಾರು 17.8 ಮೋಲ್, ಶಾಖ 1160 ಕಿಲೋಜೌಲ್. 10 ಲೀಟರ್ ನೀರಿನಲ್ಲಿ ಅರಳಿಸಿದರೆ ಬಿಸಿ ಹೊರಗೆ ಹೋಗದಿದ್ದಲ್ಲಿ ಸುಮಾರು 28 ಡಿಗ್ರಿ ಏರುತ್ತದೆ. ಎರಡೇ ಲೀಟರ್ ಹಾಕಿದರೆ ನೀರು ಕುದಿಯುತ್ತದೆ, ಸುಣ್ಣ ಕಣ್ಣಿಗೆ ಸಿಡಿಯುತ್ತದೆ. ಸುಣ್ಣ ಬಿಸಿಯೇ ಆಗದಿದ್ದರೆ ಅದು ಮಳೆಗಾಲದ ತೇವ ಹೀರಿ ಮೊದಲೇ ಅರಳಿದೆ, ಇಲ್ಲವೇ ಇಂಗಾಲದ ಡೈಆಕ್ಸೈಡ್ ಸೇರಿ ಕಾರ್ಬನೇಟ್ ಆಗಿದೆ. ಹಾಗೆ ಕಾರ್ಬನೇಟ್ ಆದ ಸುಣ್ಣ ದ್ರಾವಣಕ್ಕೆ ಸಾಲದು. ಸುಣ್ಣದೊಡನೆ ಸೇರದೆ ಉಳಿದ ತಾಮ್ರ ಎಳೆ ಎಲೆ ಸುಡುತ್ತದೆ. ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡಿ. ಕೆಂಪು ತಾಮ್ರ ಹತ್ತಿದರೆ ಸುಣ್ಣ ಇನ್ನೂ ಬೇಕು. ಅರಳಿದ ಸುಣ್ಣ ತಣ್ಣಗಾಗುವವರೆಗೂ ಮೈಲುತುತ್ತದೊಡನೆ ಬೆರೆಸಬೇಡಿ.

ಮೈಲುತುತ್ತದ ಲೆಕ್ಕ ನನಗೆ ಇನ್ನೂ ಇಷ್ಟ. ಮೈಲುತುತ್ತ ಹುರಿದು ನೀರು ಹೋಗಿಸಿದರೆ ಸಿಗುವ ಬಿಳಿ ಕಾಪರ್ ಸಲ್ಫೇಟ್ ಮತ್ತೆ ಐದು ನೀರಿನ ಅಣು ಹಿಡಿದು ನೀಲಿ ಹರಳಾಗುವಾಗಿನ ಶಾಖವನ್ನು ನೇರ ಅಳೆಯುವುದು ಕಷ್ಟ. ಪುಡಿಯೆಲ್ಲಾ ಒಂದೇ ಸಮ ನೀರು ಕುಡಿಯುವುದಿಲ್ಲ. 1840ರಲ್ಲಿ ರಸಾಯನ ವಿಜ್ಞಾನಿ ಹೆಸ್ ತೋರಿಸಿದಂತೆ, ಹಾದಿ ಯಾವುದಾದರೂ ಆದಿ ಅಂತ್ಯ ಒಂದೇ ಆದರೆ ಶಾಖದ ಮೊತ್ತ ಒಂದೇ. ಎರಡನ್ನೂ ಬೇರೆಬೇರೆ ನೀರಲ್ಲಿ ಕರಗಿಸಿ. ಬಿಳಿ ಪುಡಿ ಕರಗುವಾಗ ಮೋಲ್‌ಗೆ ಮೈನಸ್ 66.5, ನೀಲಿ ಹರಳಿಗೆ ಪ್ಲಸ್ 11.7. ಕಳೆದರೆ ಮೈನಸ್ 78.2.

ಥರ್ಮೋಕೋಲ್ ಲೋಟದಲ್ಲಿ 100 ಮಿಲಿ ನೀರಿಗೆ 4 ಗ್ರಾಂ ಬಿಳಿ ಪುಡಿ ಹಾಕಿದರೆ ಸುಮಾರು 4 ಡಿಗ್ರಿ ಏರಬೇಕು. ಆಗುಂಬೆಯಂಥ ಕಡೆ ಮಳೆಗಾಲದಲ್ಲಿ ಕಡಿಮೆ ಬಂದರೆ ಪುಡಿಯ ಬಣ್ಣ ನೋಡಿ. ತಿಳಿನೀಲಿ ಇದ್ದರೆ ಗಾಳಿಯ ತೇವ ಹೀರಿದೆ. ಮತ್ತೆ ಹುರಿದು ಬಿಳಿಯಾದ ಕೂಡಲೇ ಉರಿ ತಗ್ಗಿಸಿ, ಮುಚ್ಚಿಟ್ಟು ಆರಿಸಿ, ಆರಿದ ತಕ್ಷಣ ತೂಗಿ. ಹೆಚ್ಚು ಹುರಿದು ಕಪ್ಪಾದರೆ ಅದು ಕಾಪರ್ ಆಕ್ಸೈಡ್. ಆ ಪುಡಿ ಬಿಟ್ಟು ಹೊಸದಾಗಿ ಹುರಿಯಿರಿ.